ಇನ್ನೊಂದು ಸುತ್ತು

ನನ್ನ ಮಾವ ಬಿಗಿದ ನಟ್ಟನ್ನು ಬಿಚ್ಚಬೇಕೆಂದರೆ ಮಾವನೇ ಬರಬೇಕು. ಕಾರು ರಿಪೇರಿಯ ಬೀದಿಯಲ್ಲಿ ಅವರ ಹೆಸರು ಯಾರಿಗೂ ಗೊತ್ತಿಲ್ಲ. 'ಇನ್ನೊಂದ್ಸುತ್ತು' ಅಂದರೆ ಚಿಳ್ಳೆಪಿಳ್ಳೆಗಳೂ ಶೆಡ್ಡು ತೋರಿಸುತ್ತವೆ. ನಟ್ಟು ಸರಿಯಾಗಿ ಕೂತ ಮೇಲೂ ಪಾನಾದ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ, "ಇನ್ನೊಂದ್ ಸುತ್ತು" ಎಂದು ಎಳೆಯದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

ಕಾರಣವಿಲ್ಲದೆ ಅಲ್ಲ. ಹರೆಯದಲ್ಲಿ ಅವರು ಹಾಕಿದ ಚಕ್ರವೊಂದು ನಡುರಸ್ತೆಯಲ್ಲಿ ಕಾರಿಗೆ ಕೈಕೊಟ್ಟು, ತಾನೊಂದೇ ಮುಂದೆ ಓಡಿ, ಕ್ಷೌರದಂಗಡಿಗೆ ನುಗ್ಗಿತ್ತಂತೆ. ಒಳಗಿದ್ದ ಗಿರಾಕಿ ಅರ್ಧ ಮೀಸೆಯೊಂದಿಗೆ ಪರಾರಿ. ಯಾರಿಗೂ ಗಾಯವಾಗಲಿಲ್ಲ, ಮಾವನಿಗೆ ಮಾತ್ರ ಭೂತ ಹಿಡಿಯಿತು. ಅಂದಿನಿಂದ ಮನೆಯ ನಲ್ಲಿ, ಫ್ಯಾನು, ಉಪ್ಪಿನ ಡಬ್ಬಿಯ ತಿರುಪಿನ ಮುಚ್ಚಳ, ಎಲ್ಲಕ್ಕೂ ಇನ್ನೊಂದು ಸುತ್ತು. ಅತ್ತೆ ಡಬ್ಬಿ ಎತ್ತಿಕೊಂಡು ಪಕ್ಕದ ಮನೆಯ ಹಮಾಲಿಯನ್ನು ಹುಡುಕಿಕೊಂಡು ಹೋಗಬೇಕು. "ಇವ್ರನ್ನ ಕಟ್ಕೊಂಡು ಉಪ್ಪಿಲ್ದೆ ಉಣ್ಣೋ ಹಾಗಾಯ್ತು" ಎಂದು ಬೀದಿಗೆಲ್ಲ ಕೇಳುವಂತೆ ಗೊಣಗುತ್ತಾರೆ.

ಮಾವನೂ ಸುಮ್ಮನಿರುವ ಕುಳವಲ್ಲ. ಅತ್ತೆ ದೇಹದಲ್ಲಿ ದೊಡ್ಡವರು. ಕಾರಿನಲ್ಲಿ ಅವರಿಗೆ ಹಿಂದಿನ ಸೀಟಿನ ನಟ್ಟನಡುವೆ ಖಾಯಂ ಜಾಗ. "ಒಂದ್ ಪಕ್ಕ ಕೂತ್ರೆ ಗಾಡಿ ವಾಲುತ್ತೆ ಕಣೇ. ಸ್ಪ್ರಿಂಗ್ ಹೋದ್ರೆ ನಿಮ್ಮಪ್ಪ ಕೊಡಿಸ್ತಾನಾ?"

ಅತ್ತೆಯ ಕಣ್ಣಿನ ಪೊರೆ ತೆಗೆಸುವ ದಿನ ನಾವು ಮೂವರೂ ಆ ಕಾರಿನಲ್ಲೇ ಹೊರಟೆವು. ಒಂದು ಕಣ್ಣು ಹೆಚ್ಚುಕಡಿಮೆ ಮುಚ್ಚಿಯೇ ಹೋಗಿತ್ತು, ಇನ್ನೊಂದು ಅದರ ಹಿಂದೆಯೇ ಹೊರಟಿತ್ತು. ಪರವೂರಿನಿಂದ ಬರುವ ಡಾಕ್ಟರು ಮಧ್ಯಾಹ್ನಕ್ಕೇ ಹೊರಟುಬಿಡುತ್ತಾರೆ. ಮತ್ತೆ ಯಾವಾಗ ಬರುತ್ತಾರೋ ಆಸ್ಪತ್ರೆಯವರಿಗೇ ಗೊತ್ತಿಲ್ಲ. ಅರ್ಧ ದಾರಿಯಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ಕಡೆ, ಹಿಂದಿನ ಚಕ್ರ ಠುಸ್ಸೆಂದಿತು.

ಹೆಂಡತಿಯ ಪ್ರಯಾಣವೆಂದು ಮಾವ ಹಿಂದಿನ ದಿನವಷ್ಟೇ ನಾಲ್ಕೂ ಚಕ್ರಗಳಿಗೆ ವಿಶೇಷ ಪ್ರೀತಿಯಿಂದ ಒಂದರ ಬದಲು ಎರಡು ಸುತ್ತು ಹಾಕಿದ್ದರು. ಪೈಪು ಶೆಡ್ಡಿನಲ್ಲೇ ಉಳಿದಿತ್ತು. ಬರಿಯ ಪಾನಾ ಹಿಡಿದು ಎಳೆದರು, ಒತ್ತಿದರು, ನಟ್ಟಿನ ವಂಶವನ್ನೆಲ್ಲ ಬೈದರು. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ. ನಾನು ಪಾನಾ ಮೇಲೆ ಹತ್ತಿ ಕುಣಿದೆ.

"ಇಳೀರಿ ಅಳಿಯಂದ್ರೇ, ನೀವು ಹತ್ತಿದ್ದು ಪಾನಾಕ್ಕೆ ಗೊತ್ತೇ ಆಗ್ಲಿಲ್ಲ" ಎಂದರು ಮಾವ. ಆಮೇಲೆ ರಸ್ತೆಬದಿಯಲ್ಲಿ ಕುಕ್ಕರಿಸಿ, "ಅವಳ ಕಣ್ಣು ನಾನೇ ಕಳೆದೆ" ಎಂದರು.

ಅತ್ತೆ ಬಾಗಿಲು ತೆರೆದು ಇಳಿದರು. "ಸರೀರಿ ಅತ್ಲಾಗೆ. ಎಲ್ಲಿದೆ ನಿಮ್ಮ ಪಾನಾ? ನಂಗೆ ಕಾಣಲ್ಲ, ಕಾಲು ಇಟ್ಕೊಡಿ."

ಮಾವ ಎರಡೂ ಕೈಯಲ್ಲಿ ಹೆಂಡತಿಯ ಪಾದ ಹಿಡಿದು ಪಾನಾದ ತುದಿಗೆ ಇಟ್ಟರು. ಅತ್ತೆ ನನ್ನ ಹೆಗಲು ಹಿಡಿದು ಮೈಭಾರವನ್ನೆಲ್ಲ ಬಿಟ್ಟರು. ನಟ್ಟು ಕಿರ್ರೆಂದು ಚೀರಿ ಸೋತಿತು. ಉಳಿದವೂ ಒಂದೊಂದಾಗಿ ಶರಣಾದವು.

"ಸ್ಪ್ರಿಂಗ್ ಉಳೀತಾ ನೋಡಿ" ಎಂದರು ಅತ್ತೆ.

ಮಾವ ಜಾಕ್ ಏರಿಸಿ, ಬೇರೆ ಚಕ್ರ ಹಾಕಿ, ಕಾರು ಇಳಿಸಿ ನಟ್ಟು ಬಿಗಿದರು. ಕೊನೆಯಲ್ಲಿ ಕೈ ತಾನಾಗಿ ಇನ್ನೊಂದು ಸುತ್ತಿಗೆ ಹೋಯಿತು.

"ಸಾಕು" ಎಂದರು ಅತ್ತೆ.

ಪಾನಾ ಹಾಗೇ ನಿಂತಿತು. ಮಾವ ಅದನ್ನು ಡಿಕ್ಕಿಗೆ ಎಸೆದು, ಮುಂದಿನ ಬಾಗಿಲು ತೆರೆದು ಅತ್ತೆಯನ್ನು ಕೂರಿಸಿದರು. ಹಿಂದಿನ ಸೀಟಿನ ನಟ್ಟನಡುವೆ ನಾನು ಕೂತೆ.

ನಾವು ತಲುಪುವಾಗ ಡಾಕ್ಟರು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ಚೆನ್ನಾಗಿ ಬೈದು ಬ್ಯಾಗು ಕೆಳಗಿಟ್ಟರು.

ಮರುದಿನ ಬೆಳಿಗ್ಗೆ, ಎಷ್ಟು ಬೇಡವೆಂದರೂ ಕೇಳದೆ, ಅತ್ತೆ ಕಣ್ಣಿನ ಪಟ್ಟಿಯೊಂದಿಗೇ ಅಡುಗೆಮನೆಗೆ ನುಗ್ಗಿದರು. ರೂಢಿಯಂತೆ ಸೆರಗು ಸಿಕ್ಕಿಸಿ, ಉಪ್ಪಿನ ಡಬ್ಬಿಯನ್ನು ಕಂಕುಳಲ್ಲಿ ಅಮುಕಿ ಮುಚ್ಚಳಕ್ಕೆ ಕೈಹಾಕಿದರು. ಮುಟ್ಟುತ್ತಲೇ ಅದು ತಿರುಗಿ ಬಂತು. ಮುಚ್ಚಳವನ್ನು ತಿರುಗಿಸಿ ತಿರುಗಿಸಿ ತಡವಿ ನೋಡಿದರು. ಆಮೇಲೆ ಗಾಬರಿಯಿಂದ ಕೂಗಿದರು:

"ರೀ, ಮೈ ಹುಷಾರಾಗಿದೆ ತಾನೇ?"