ಸೊನ್ನೆ ಊದುವ ಅಕ್ಕ

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುತ್ತಿದ್ದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಡ್ರೈವರುಗಳ ಬಾಯಲ್ಲಿ ಆಕೆ ಸೊನ್ನೆಯಕ್ಕ. ಎದುರಿಗೆ ಹಾಗೆ ಕರೆದರೆ ಅವಳಿಗೆ ಹೆಮ್ಮೆ. ಬೆನ್ನ ಹಿಂದೆ ಕರೆದು ನಕ್ಕವನ ಟೀಗೆ ಮಾತ್ರ ಆ ದಿನ ಸಕ್ಕರೆ ಬೀಳುತ್ತಿರಲಿಲ್ಲ.

ಹೆಸರಿಗೆ ಕಾರಣ ಡಿಪೋದ ಒಂದು ಪದ್ಧತಿ. ಬೆಳಿಗ್ಗೆ ಬಸ್ಸಿನ ಕೀಲಿ ಕೈಗೆ ಸಿಗಬೇಕಾದರೆ ಪ್ರತಿ ಡ್ರೈವರೂ ಕುಡಿದಿದ್ದರೆ ಪತ್ತೆ ಹಚ್ಚುವ, ಅಂಗೈ ಅಗಲದ ಮೆಷಿನ್ನಿಗೆ ಊದಬೇಕು. ಹಸಿರು ದೀಪ ಬಂದರೆ ಕೀಲಿ, ಕೆಂಪು ಬಂದರೆ ಮನೆ. ಮೆಷಿನ್ನಿಗೆ ಡ್ರೈವರುಗಳು ಇಟ್ಟ ಹೆಸರು ಪೀಪಿ, ಅದನ್ನು ಹಿಡಿದು ಕೂರುವವನು ಪೀಪಿ ಗುಮಾಸ್ತ. ಸಾಲು ಶುರುವಾಗುವ ಮೊದಲು ಕುಡಿಯದವರು ಒಬ್ಬರು ಊದಿ ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಳ್ಳಬೇಕಿತ್ತು. ಗುಮಾಸ್ತನಿಗೆ ವಾರದಲ್ಲಿ ಮೂರು ದಿನ ತನ್ನ ಮೇಲೇ ನಂಬಿಕೆ ಇರಲಿಲ್ಲ. ಹಾಗಾಗಿ ಆ ಕೆಲಸ ಕ್ಯಾಂಟೀನಿಗೆ ಹೋಯಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ಸಾಲಿನಲ್ಲಿ ನಿಂತವರನ್ನೆಲ್ಲ ಕಳ್ಳರನ್ನು ನೋಡಿದ ಹಾಗೆ ನೋಡಿ, ಊದುತ್ತಿದ್ದಳು. ಸೊನ್ನೆ. "ನೋಡ್ಕೊಳ್ಳಿ" ಎಂದು ಅಷ್ಟೇ ಹೇಳಿ ಒಲೆಯ ಹತ್ತಿರ ಹೋಗುತ್ತಿದ್ದಳು.

ಕುಡಿತವೆಂದರೆ ಅವಳಿಗೆ ಮೈಯೆಲ್ಲ ಉರಿ. ಅದಕ್ಕೆ ಕಾರಣವೂ ಇತ್ತು. ಗಂಡ ಕುಡಿದು ಕುಡಿದು ಲಿವರ್ ಕೆಡಿಸಿಕೊಂಡು, ಹಳದಿ ಕಣ್ಣು ಬಿಟ್ಟುಕೊಂಡು ಸತ್ತಿದ್ದ. ಆಸ್ಪತ್ರೆಯವರು ಕೊನೆಯ ತನಕ ಚೀಟಿ ಬರೆದರೇ ಹೊರತು ಬದುಕಿಸಲಿಲ್ಲ. ಹಾಗಾಗಿ ಡಾಕ್ಟರುಗಳನ್ನು ಕಂಡರೂ ಅವಳಿಗೆ ಅಷ್ಟೇ ಸಿಟ್ಟು. ಅಡುಗೆಮನೆಯಲ್ಲಿ ಇಲ್ಲದ ಮದ್ದು ಇನ್ನೆಲ್ಲೂ ಇಲ್ಲ ಎಂಬುದು ಅವಳ ಹಟ. ಬಿಕ್ಕಳಿಕೆಗೆ ಜೇನು, ಹೊಟ್ಟೆ ಉಬ್ಬರಕ್ಕೆ ಜೀರಿಗೆ ನೀರು, ಹಲ್ಲುನೋವಿಗೆ ಲವಂಗ. ಬೇಡ ಎಂದವರಿಗೆ ಬೈಗುಳದ ಜೊತೆ ಅದೇ ಮದ್ದು.

ಎಲ್ಲಕ್ಕಿಂತ ದೊಡ್ಡದು ಜಾಡಿಯ ಮದ್ದು. ಒಣದ್ರಾಕ್ಷಿ, ಶುಂಠಿ, ಮೆಣಸು, ಜೇನು, ಮೇಲೊಂದಿಷ್ಟು ನೀರು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಕ್ಯಾಂಟೀನಿನ ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಮೂರು ತಿಂಗಳು ಇಡುತ್ತಿದ್ದಳು. ಒಳಗಿನಿಂದ ಗುಳುಗುಳು ಸದ್ದು ಬಂದರೆ, "ಮದ್ದು ಹದಕ್ಕೆ ಬರ್ತಿದೆ, ಯಾರೂ ಮುಟ್ಬೇಡಿ" ಎನ್ನುತ್ತಿದ್ದಳು. ಅದನ್ನು ಸೀಸೆಗೆ ತುಂಬಿ ಮನೆಗೊಯ್ದು, ರಾತ್ರಿ ಊಟವಾದ ಮೇಲೆ ಎರಡು ಮುಚ್ಚಳ ಕುಡಿದು ಮಲಗಿದರೆ ಒಳ್ಳೆಯ ನಿದ್ದೆ. ಅಷ್ಟು ಒಳ್ಳೆಯ ನಿದ್ದೆ ಎಲ್ಲಿಂದ ಬರುತ್ತದೆ ಎಂದು ಅವಳು ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಅವಳ ತಮ್ಮ ಅದೇ ಡಿಪೋದಲ್ಲಿ ಡ್ರೈವರ್. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಅಮ್ಮ ಹೋದ ಮೇಲೆ ಇವಳೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಅವನೂ ಕುಡಿತಕ್ಕೆ ಬಿದ್ದಿದ್ದ. ಎರಡು ಸಲ ಕೆಂಪು ದೀಪ ಬಂದು, ಎರಡನೇ ಸಲಕ್ಕೆ ಮೂರು ತಿಂಗಳು ಕೆಲಸವಿಲ್ಲದೆ ಕೂತಿದ್ದ. ಮೂರನೇ ಸಲ ಬಂದರೆ ಕೆಲಸವೇ ಹೋಗುತ್ತದೆ ಎಂದು ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿದ್ದರು. ಆಮೇಲೆ ಹದಿನಾಲ್ಕು ತಿಂಗಳು ಅವನು ಒಂದು ತೊಟ್ಟೂ ಮುಟ್ಟಿರಲಿಲ್ಲ. ಆದರೂ ಅಕ್ಕ ದಿನಾ ಸಂಜೆ ಅವನ ಅಂಗಿ ಮೂಸುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಸುಮ್ಮನೆ ನಿಲ್ಲುತ್ತಿದ್ದ.

ಆ ವಾರ ಅವನಿಗೆ ವಿಪರೀತ ಕೆಮ್ಮು. ಡಾಕ್ಟರಿಗೆ ತೋರಿಸಿ ಸಿರಪ್ಪು ತಂದ. ಅಕ್ಕ ಬಾಟಲಿ ಮೂಸಿ ನೋಡಿ ಮೋರಿಗೆ ಸುರಿದಳು.

"ಇದ್ರಲ್ಲೂ ಸ್ಪಿರಿಟ್ ಹಾಕಿರ್ತಾರೆ ಕಣೋ. ಮೂರನೇ ಸಲ ಸಿಕ್ಕಿಬೀಳಬೇಕು ಅಂತಿದ್ದೀಯಾ?"

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಸೊನ್ನೆ ಊದಿ ಬಂದಳು. ತಮ್ಮ ಕೆಮ್ಮುತ್ತಾ ಕ್ಯಾಂಟೀನಿನ ಬಾಗಿಲಲ್ಲಿ ನಿಂತಿದ್ದ. ಜಾಡಿ ಬಿಚ್ಚಿ ಎರಡು ಮುಚ್ಚಳ ಕೊಟ್ಟಳು, ಸಾಲದೆಂದು ಮೂರನೆಯದನ್ನೂ ಕೊಟ್ಟಳು. ಅವನು ಗಂಟಲು ಸವರಿಕೊಳ್ಳುತ್ತಾ ಹೋಗಿ ಸಾಲಿನಲ್ಲಿ ನಿಂತ. ಮುಂದೆ ಇಬ್ಬರೇ ಇದ್ದರು. ಅವನು ಊದಿದ. ಪೀಪಿ ಕೂಗಿಕೊಂಡಿತು. ಕೆಂಪು.

"ನಾನು ಕುಡಿದಿಲ್ಲ ಸಾರ್" ಎಂದ ತಮ್ಮ.

"ಬಾಯಿ ಮುಕ್ಕಳಿಸಿ ಆ ಬೆಂಚಿನ ಮೇಲೆ ಕೂತ್ಕೊ. ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದ್ಸಲ ಊದು. ರೂಲ್ಸು ಹಾಗೇ ಇದೆ" ಎಂದ ಗುಮಾಸ್ತ.

ತಮ್ಮ ಹೋಗಿ ಬೆಂಚಿನ ಮೇಲೆ ಕೂತ. ಇಪ್ಪತ್ತು ನಿಮಿಷ ಕೂತಿದ್ದರೆ ಸಾಕಿತ್ತು. ಅದು ಕಳೆಯುವ ಮೊದಲೇ ಸುದ್ದಿ ಕ್ಯಾಂಟೀನಿಗೆ ಮುಟ್ಟಿತು. ಅಕ್ಕ ಸೌಟು ಹಿಡಿದುಕೊಂಡೇ ಬಂದಳು.

"ಕುಡುಕಾ! ಬೆಳಗಾಗೋದ್ರೊಳಗೆ ಎಲ್ಲಿ ಸುರ್ಕೊಂಡು ಬಂದೆಯೋ?"

"ಅಕ್ಕಾ, ಬೆಳಿಗ್ಗೆಯಿಂದ ನಿನ್ನ ಮದ್ದು ಬಿಟ್ಟು ಬೇರೆ ಏನೂ ನನ್ನ ಬಾಯಿಗೆ ಹೋಗಿಲ್ಲ."

ಇದು ಉರಿಯುವ ಬೆಂಕಿಗೆ ಎಣ್ಣೆ ಸುರಿದಂತಾಯಿತು. "ನನ್ನ ಮದ್ದಿನ ಮೇಲೆ ಹಾಕ್ತೀಯಾ? ಇಪ್ಪತ್ತು ವರ್ಷದಿಂದ ಕುಡೀತಿದ್ದೀನಿ, ದಿನಾ ಸೊನ್ನೆ ಊದ್ತಿದ್ದೀನಿ! ನಿನ್ನ ಭಾವನೂ ಹೀಗೇ ಸುಳ್ಳು ಹೇಳ್ತಾ ಸತ್ತ. ನೀನೂ ಸಾಯಿ. ನನ್ನ ಮನೆ ಹೊಸಿಲು ಮಾತ್ರ ತುಳೀಬೇಡ" ಎಂದು ನಲವತ್ತು ಜನರ ಎದುರು ಕೆನ್ನೆಗೆ ಒಂದು ಬಾರಿಸಿದಳು.

ಮೂವತ್ತಾರು ವರ್ಷದ ಗಂಡಸು ಅವನು. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಎದ್ದು ಗೇಟಿನ ಕಡೆ ನಡೆದ.

"ಏಯ್, ಎರಡನೇ ಸಲ ಊದದೆ ಹೋದ್ರೆ ಕುಡಿದ ಹಾಗೇ ಲೆಕ್ಕ ಕಣೋ!" ಎಂದು ಗುಮಾಸ್ತ ಕೂಗಿದ. ಅವನು ತಿರುಗಿ ನೋಡಲಿಲ್ಲ.

ಅಕ್ಕ ಮಧ್ಯಾಹ್ನ ಮನೆಗೆ ಹೋಗಿ ಅವನ ಪೆಟ್ಟಿಗೆಯನ್ನು ಬೀದಿಗೆ ಎಸೆದಳು. ಕ್ಯಾಂಟೀನಿಗೆ ಬಂದವರೆಲ್ಲರ ಎದುರು ಮೂರು ದಿನ ತಮ್ಮನ ಮಾನ ಹರಾಜು ಹಾಕಿದಳು. ಕೇಳಿ ಕೇಳಿ ಬೇಸರವಾಗಿ ಕೆಲವರು ಟೀ ಕುಡಿಯಲು ಹೊರಗಿನ ಅಂಗಡಿಗೆ ಹೋಗತೊಡಗಿದರು.

ನಾಲ್ಕನೇ ದಿನ ಸಾಲು ಶುರುವಾಗುವ ಮೊದಲು ಪೀಪಿ ಗುಮಾಸ್ತ ಮೆಷಿನ್ ಹಿಡಿದುಕೊಂಡು ಕ್ಯಾಂಟೀನಿಗೇ ಬಂದ. ಮೂರು ರಾತ್ರಿಯಿಂದ ಅವನಿಗೆ ನಿದ್ದೆ ಇರಲಿಲ್ಲ. ಸಾಯಂಕಾಲದೊಳಗೆ ಮ್ಯಾನೇಜರು ತಮ್ಮನನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ಸಹಿ ಹಾಕುವವರಿದ್ದರು.

"ಅಕ್ಕಾ, ಆವತ್ತು ಮೆಷಿನ್ ತೋರಿಸಿದಷ್ಟು ಕುಡಿದವನಿಗೆ ನಿಲ್ಲೋಕೇ ಆಗಲ್ಲ. ಅವನು ನೆಟ್ಟಗೆ ನಿಂತಿದ್ದ. ಬಾಯಲ್ಲಿ ಶುಂಠಿ ವಾಸನೆ ಬಿಟ್ರೆ ಬೇರೆ ಇರ್ಲಿಲ್ಲ. ನಿಮ್ಮ ಮದ್ದು ನೀವು ಯಾವಾಗ ಕುಡಿಯೋದು?"

"ರಾತ್ರಿ ಊಟ ಆದ್ಮೇಲೆ. ಏನೀಗ?"

"ಊದೋದು ಬೆಳಿಗ್ಗೆ. ಅಷ್ಟೊತ್ತಿಗೆ ಏನಿದ್ರೂ ಇಳಿದುಹೋಗಿರುತ್ತೆ. ಈಗ ಕುಡಿದು ಈಗ್ಲೇ ಊದಿ ನೋಡೋಣ."

ಅಕ್ಕನಿಗೆ ಕೋಪ ನೆತ್ತಿಗೇರಿತು. ತನ್ನ ಮದ್ದನ್ನು ಹೆಂಡ ಎನ್ನುತ್ತಾನೆ ಈ ಪೀಪಿ! ಎಲ್ಲರೂ ನೋಡಲಿ ಎಂದು ಅವಳೇ ಡ್ರೈವರುಗಳನ್ನೆಲ್ಲ ಕೂಗಿ ಕರೆದಳು. ಜಾಡಿಯ ಬಟ್ಟೆ ಬಿಚ್ಚಿ, ಒಂದಲ್ಲ ಎರಡಲ್ಲ, ಮೂರು ಮುಚ್ಚಳ ಗಟಗಟನೆ ಕುಡಿದು ಮೆಷಿನ್ ಕಿತ್ತುಕೊಂಡು ಊದಿದಳು.

ಪೀಪಿ ಡಿಪೋಗೆಲ್ಲ ಕೇಳುವಂತೆ ಕೂಗಿಕೊಂಡಿತು.

"ಮೆಷಿನ್ ಕೆಟ್ಟಿದೆ" ಎಂದಳು. ಗುಮಾಸ್ತ ಒಬ್ಬ ಡ್ರೈವರಿನ ಕೈಲಿ ಊದಿಸಿದ. ಹಸಿರು. ಅಕ್ಕ ಮತ್ತೆ ಊದಿದಳು. ಕೆಂಪು.

"ಸೊನ್ನೆಯಕ್ಕನೇ ಟೈಟು!" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು. ಇಪ್ಪತ್ತೆರಡು ವರ್ಷ ಬೈಸಿಕೊಂಡವರ ನಗು ಅದು, ಅದರಲ್ಲಿ ಕರುಣೆ ಇರಲಿಲ್ಲ. ಅವಳು ಬಾಯಿ ಮುಕ್ಕಳಿಸಿ, ತಮ್ಮ ಕೂತಿದ್ದ ಅದೇ ಬೆಂಚಿನ ಮೇಲೆ ಕೂತಳು. ಇಪ್ಪತ್ತು ನಿಮಿಷವಾದ ಮೇಲೆ ಊದಿದಳು. ಸೊನ್ನೆ.

"ಬಾಯಲ್ಲಿ ಅಂಟಿದ್ದು ಇಷ್ಟೊತ್ತಿಗೆ ಹೋಗಿರುತ್ತೆ. ಆವತ್ತು ಅವನನ್ನೂ ಕೂರೋಕೆ ಬಿಟ್ಟಿದ್ರೆ ಇದೇ ಬರ್ತಿತ್ತು" ಎಂದ ಗುಮಾಸ್ತ. ಅವಳು ಎದ್ದು ಮ್ಯಾನೇಜರ ಕೋಣೆಗೆ ನಡೆದಳು.

ಮ್ಯಾನೇಜರು ಸುಲಭಕ್ಕೆ ಒಪ್ಪುವವರಲ್ಲ. "ಮದ್ದಿನ ವಿಷಯ ಇರ್ಲಿ. ಎರಡನೇ ಸಲ ಊದದೆ ಯಾಕೆ ಹೋದ? ಅದನ್ನ ಬರೆದುಕೊಡಿ" ಎಂದು ಕಾಗದ ಮುಂದಿಟ್ಟರು. ಜಾಡಿಯಲ್ಲಿ ಏನೇನಿತ್ತು, ಎಷ್ಟು ಕೊಟ್ಟೆ ಎಂಬುದನ್ನು ಅವಳು ಬೇಗ ಬೇಗ ಬರೆದಳು. ಆಮೇಲೆ ಪೆನ್ನು ನಿಂತಿತು. ತಪ್ಪೊಪ್ಪಿಕೊಂಡು ಅಭ್ಯಾಸವಿಲ್ಲದ ಕೈ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದು, ಕೊನೆಗೆ ಬರೆದಳು: "ಅವನು ಕೂತಿದ್ದ. ನಾನೇ ಹೊಡೆದು ಓಡಿಸಿದೆ."

ತಮ್ಮ ಸಿಕ್ಕಿದ್ದು ಕಾರು ತೊಳೆಯುವ ಒಂದು ಗ್ಯಾರೇಜಿನಲ್ಲಿ. ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಪೈಪು ಹಿಡಿದಿದ್ದ. ಅಕ್ಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ನೀರು ನಿಲ್ಲಿಸಲಿಲ್ಲ.

"ಮೆಷಿನ್ ಹೇಳಿದ ಮೇಲೆ ನೀನು ನನ್ನನ್ನ ನಂಬಿದೆ" ಎಂದ.

"ನನಗೇನು ಗೊತ್ತಿತ್ತೋ..."

"ಮೆಷಿನ್ನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ಕೊಟ್ಟೋಳು ನೀನು, ಕುಡಿದಿದ್ದನ್ನ ನೋಡಿದೋಳೂ ನೀನು." ಕಾರಿನ ಚಕ್ರಕ್ಕೆ ನೀರು ಹೊಡೆಯುತ್ತಾ ಮುಂದುವರಿಸಿದ. "ಆವತ್ತು ಸಂಜೆ ಒಂದು ಬಾಟಲಿ ತಂದೆ. ಮುಚ್ಚಳ ತೆಗೆದು ಎದುರಿಗೆ ಇಟ್ಕೊಂಡು ಕೂತೆ. ಕುಡೀಲಿಲ್ಲ. ಯಾಕೆ ಗೊತ್ತಾ? ಕುಡಿದಿದ್ರೆ ನೀನು ಹೇಳಿದ್ದು ನಿಜ ಆಗ್ಬಿಡ್ತಿತ್ತು. ಆ ಖುಷಿ ನಿನಗೆ ಕೊಡಬಾರದು ಅಂತ ಮೋರಿಗೆ ಚೆಲ್ಲಿದೆ."

ಹತ್ತು ದಿನದಲ್ಲಿ ಅವನಿಗೆ ಕೆಲಸ ವಾಪಸ್ ಸಿಕ್ಕಿತು. ಮನೆಗೆ ಮಾತ್ರ ಬರಲಿಲ್ಲ. ಗ್ಯಾರೇಜಿನ ಹಿಂದೆ ಒಂದು ಕೋಣೆ ಹಿಡಿದ. ಅಕ್ಕ ಜಾಡಿಯನ್ನು ಹಿತ್ತಲಲ್ಲಿ ಬೋರಲು ಹಾಕಿದಳು. ಬೆಳಿಗ್ಗೆ ಅವಳನ್ನು ಊದಲು ಯಾರೂ ಕರೆಯುವುದಿಲ್ಲ. ಸೊನ್ನೆ ಊದುವ ಕೆಲಸವನ್ನು ಗುಮಾಸ್ತ ತಮ್ಮನಿಗೆ ಕೊಟ್ಟಿದ್ದಾನೆ. ಅವಳು ಕಿಟಕಿಯಿಂದ ನೋಡುತ್ತಾಳೆ. ಅವನು ಊದುತ್ತಾನೆ, ಕೀಲಿ ತೆಗೆದುಕೊಳ್ಳುತ್ತಾನೆ, ಹೋಗುತ್ತಾನೆ.

ಹೊರಗಿನ ಟೀ ಅಂಗಡಿ ಮುಚ್ಚಿದ್ದ ಒಂದು ದಿನ ಅವನು ಕ್ಯಾಂಟೀನಿಗೆ ಬಂದ. ಉಳಿದ ಡ್ರೈವರುಗಳಂತೆ ಕಟ್ಟೆಯ ಮೇಲೆ ಚಿಲ್ಲರೆ ಇಟ್ಟು, "ಒಂದು ಟೀ ಕೊಡಿ" ಎಂದ. ಹೇಳುತ್ತಲೇ ಕೆಮ್ಮು ಬಂತು. ಅಕ್ಕನ ಕೈ ತನ್ನಷ್ಟಕ್ಕೆ ಒಲೆಯ ಪಕ್ಕದ ಮೂಲೆಗೆ ಹೋಯಿತು. ಅಲ್ಲಿ ಜಾಡಿ ಇಟ್ಟಿದ್ದ ಜಾಗದ ದುಂಡನೆಯ ಕಲೆ ಮಾತ್ರ ಇತ್ತು.

"ಬಿಸಿನೀರಾದ್ರೂ ಕೊಡ್ಲೇನೋ? ಬರೀ ನೀರು ಕಣೋ, ಮತ್ತೇನೂ ಹಾಕಿಲ್ಲ. ಬೇಕಾದ್ರೆ ನಾನೇ ಮೊದ್ಲು ಕುಡಿದು ತೋರಿಸ್ತೀನಿ" ಎಂದಳು.

ಅವನು ಜೇಬಿನಿಂದ ಸಿರಪ್ಪಿನ ಬಾಟಲಿ ತೆಗೆದು ಅವಳಿಗೆ ಕಾಣುವಂತೆ ಕಟ್ಟೆಯ ಮೇಲಿಟ್ಟ.

"ಡಾಕ್ಟರು ಕೊಟ್ಟಿದ್ದಾರೆ. ಸ್ಪಿರಿಟ್ ಇಲ್ಲದ್ದು. ಡ್ಯೂಟಿ ಮುಗಿದ ಮೇಲೆ ಕುಡೀತೀನಿ."

ಟೀ ಕುಡಿದು, ಬಾಟಲಿ ಜೇಬಿಗೆ ಹಾಕಿಕೊಂಡು ಅವನು ಬಸ್ಸು ತೆಗೆಯಲು ಹೋದ. ಅಕ್ಕ ಅವನ ಲೋಟವನ್ನು ಮೂಗಿನ ಹತ್ತಿರ ತಂದಳು. ಹಳೆಯ ಅಭ್ಯಾಸ. ಆಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿ, ಗಡಿಬಿಡಿಯಲ್ಲಿ ತೊಳೆಯಲು ಹಾಕಿದಳು.