ಮೂರು ದಿನದ ರೇಡಿಯೋ

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ನನ್ನಷ್ಟೇ ವಯಸ್ಸು, ಎಂಬತ್ತನಾಲ್ಕು. ತುಟಿಗೆ ಬಣ್ಣ ಹಚ್ಚದೆ ಬಾಗಿಲು ತೆಗೆಯುವವಳಲ್ಲ. ಚಹಾಕ್ಕೆ ಕರೆದು ಹಳೆಯ ರೆಕಾರ್ಡು ಹಾಕುತ್ತಾಳೆ, ಕುರ್ಚಿಯಲ್ಲಿ ಕೂತೇ ಭುಜ ಕುಣಿಸುತ್ತಾಳೆ. ಐವತ್ತರ ದಶಕದ ಅವಳ ಶನಿವಾರಗಳೆಲ್ಲ ನನಗೆ ಬಾಯಿಪಾಠ. ಮೊಣಕಾಲಿನವರೆಗೆ ಬೀಸುವ ಸ್ಕರ್ಟು, ಕಾಫಿ ಅಂಗಡಿಯಲ್ಲಿ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ, ಹಾಲ್‌ನಲ್ಲಿ ಕುಣಿತ, ಕುಣಿಯಲು ಕರೆದ ಹುಡುಗರಲ್ಲಿ ಯಾರಿಗೆ ಹೂಂ ಅಂದಳು, ಯಾರಿಗೆ ಊಹೂಂ ಅಂದಳು.

ಕೇಳುತ್ತ ಕೂತರೆ ನನ್ನ ಹೊಟ್ಟೆಯೊಳಗೆ ಬೆಂಕಿ ಬೀಳುತ್ತದೆ. ಈ ವಯಸ್ಸಿನಲ್ಲಿ ಅದೆಂಥ ಹೊಟ್ಟೆಕಿಚ್ಚು ಎಂದು ನಗುವವರು ನಗಲಿ. ಕಳೆದ ತಿಂಗಳು ಅವಳು, "ನಿಮ್ಮ ಕಡೆ ಹುಡುಗಿಯರು ಏನು ಮಾಡುತ್ತಿದ್ದರು?" ಎಂದು ಕೇಳಿದಳು. ರೇಡಿಯೋ ಕೇಳುತ್ತಿದ್ದೆವು ಎಂದು ಹೇಳಿ ಬಿಸ್ಕತ್ತು ಬಾಯಿಗೆ ಹಾಕಿಕೊಂಡೆ. ಅದೂ ಪೂರ್ತಿ ನಿಜವಲ್ಲ. ರೇಡಿಯೋ ಕೇಳುತ್ತಿದ್ದವಳು ನನ್ನ ಅಕ್ಕ. ನಾನು ಹಿಟ್ಟು ರುಬ್ಬುತ್ತಿದ್ದೆ.

ಕುಂದಾಪುರದ ಹತ್ತಿರ ನಮ್ಮ ಮನೆ. ನಮಗೆ ರೇಡಿಯೋ ಇರಲಿಲ್ಲ. ಪಕ್ಕದ ಮನೆಯವರು ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಬಂದವರು, ಒಂದನ್ನು ತಂದು ಚಾವಡಿಯಲ್ಲಿ ಇಟ್ಟಿದ್ದರು. ವಾರಕ್ಕೊಂದು ಸಂಜೆ ಸಿಲೋನಿನಿಂದ ಹಿಂದಿ ಹಾಡುಗಳು ಬರುತ್ತಿದ್ದವು, ಆ ವಾರ ಯಾವುದು ಮುಂದೆ ಯಾವುದು ಹಿಂದೆ ಎಂದು ಎಣಿಸಿ ಎಣಿಸಿ ಹಾಕುತ್ತಿದ್ದರು. ನಮಗೆ ಹಿಂದಿ ಒಂದಕ್ಷರ ಬಾರದು. ಆದರೂ ಊರಿನ ಹುಡುಗಿಯರೆಲ್ಲ ಮರುದಿನ ಬಾವಿಕಟ್ಟೆಯಲ್ಲಿ ಅದನ್ನೇ ಗುನುಗುವವರು.

ಆ ಹಾಡು ನಮ್ಮ ಮನೆಯಲ್ಲಿ ಚೆನ್ನಾಗಿ ಕೇಳಿಸುತ್ತಿದ್ದದ್ದು ಒಂದೇ ಕಡೆ, ಹಿತ್ತಿಲ ಜಗಲಿಯಲ್ಲಿ. ಆ ಜಗಲಿ ಮುಟ್ಟಾದ ಹೆಂಗಸರು ಮೂರು ದಿನ ಹೊರಗೆ ಕೂರುವ ಜಾಗ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಹದಿಮೂರಕ್ಕೇ ದೊಡ್ಡವಳಾಗಿದ್ದಳು. ಹಾಡಿನ ಸಂಜೆಯೂ ಆ ಮೂರು ದಿನವೂ ಒಟ್ಟಿಗೆ ಬಿದ್ದರೆ ಅವಳಿಗೆ ಹಬ್ಬ. ಗೋಡೆಗೆ ಒರಗಿ, ಕಾಲು ಚಾಚಿ, ತಟ್ಟೆಗೆ ಬಡಿಸಿದ್ದನ್ನು ಉಂಡು ಹಾಡು ಕೇಳುವುದು. ಪುಸ್ತಕ ಮುಟ್ಟುವ ಹಾಗಿಲ್ಲವಾದ್ದರಿಂದ ಬರೆದುಕೊಳ್ಳಲಾರಳು, ಕೇಳಿದ್ದನ್ನೆಲ್ಲ ತಲೆಯಲ್ಲೇ ಇಟ್ಟುಕೊಳ್ಳುವಳು. ಅವಳ ಪಾಲಿನ ಕೆಲಸ ನನ್ನ ತಲೆಗೆ. ದೋಸೆಗೆ ರುಬ್ಬುವ ಹೊತ್ತು ಸರಿಯಾಗಿ ಅದೇ. ಒಳಗೆ ಕಲ್ಲಿನ ಗಡಗಡ ಸದ್ದಿನಲ್ಲಿ ನನಗೆ ಹಾಡಿನ ಬಾಲವೂ ಸಿಗುತ್ತಿರಲಿಲ್ಲ. ಒಮ್ಮೆ ರುಬ್ಬುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಕ್ಕೆ ಅಮ್ಮ ತಲೆಗೆ ಮೊಟಕಿದಳು.

ಯಾವ ಹಾಡು ಬಂತು ಎಂದು ದೂರದಲ್ಲಿ ನಿಂತು ಕೇಳಿದರೆ ಅಕ್ಕ ಹೇಳುವವಳಲ್ಲ. ಮುಖ ಆಚೆ ತಿರುಗಿಸಿ ಅರ್ಧ ಸಾಲು ಗುನುಗಿ ನಿಲ್ಲಿಸುತ್ತಿದ್ದಳು.

"ಹಾಡ್ ಬೇಕಾ? ದೊಡ್ಡೋಳ್ ಆಯ್ಕ್ ಮಾರಾಯ್ತಿ!"

ನನಗೆ ಆಗ ಹದಿನಾಲ್ಕು. ಇನ್ನೂ ಆಗಿರಲಿಲ್ಲ. ಅದರಿಂದ ಒಂದು ಲಾಭವಿತ್ತು, ನಾನು ಶಾಲೆಗೆ ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ದೊಡ್ಡವಳಾದ ಹುಡುಗಿಗೆ ಶಾಲೆ ಇಲ್ಲ. ಅಕ್ಕನನ್ನು ಬಿಡಿಸಿದ ದಿನ ಅವಳು ಉಣ್ಣದೆ ಮಲಗಿದ್ದು ನನಗೆ ನೆನಪಿದೆ. ಆದರೆ ನನ್ನ ಲೆಕ್ಕವೇ ಬೇರೆ ಎಂಬ ಜಂಬ ನನ್ನದು. ಗಣಿತದಲ್ಲಿ ಕ್ಲಾಸಿಗೇ ನಾನು ಮೊದಲು. ಹೆಡ್‌ಮಾಸ್ತರು ಮನೆಗೇ ಬಂದು, ಇವಳನ್ನು ಬಿಡಿಸಬೇಡಿ, ಟೀಚರ್ ಆಗುವ ಹುಡುಗಿ ಎಂದಿದ್ದರು. ಅಪ್ಪ "ಕಾಂಬ" ಎಂದಿದ್ದರು, ನೋಡೋಣ ಎಂದು. ಆ "ಕಾಂಬ"ವನ್ನು ನಾನು ಹೂಂ ಎಂದೇ ತಿಳಿದುಕೊಂಡೆ.

ಒಂದು ಹಾಡಿನ ದಿನ ಮಧ್ಯಾಹ್ನ ಹೊಟ್ಟೆಕಿಚ್ಚು ನೆತ್ತಿಗೇರಿತು. ಅಡಿಗೆಮನೆಯಿಂದ ಚಿಟಿಕೆ ಅರಸಿನ, ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯಿಂದ ಚೂರು ಸುಣ್ಣ ಕದ್ದೆ. ಎರಡನ್ನೂ ನೀರಿನಲ್ಲಿ ಕಲಸಿದರೆ ಆರತಿಯ ಕೆಂಪು ಬರುತ್ತದೆಂದು ಯಾವ ಹುಡುಗಿಗೆ ಗೊತ್ತಿಲ್ಲ? ಲಂಗಕ್ಕೆ ಹಚ್ಚಿಕೊಂಡು ಬಾಗಿಲಲ್ಲಿ ನಿಂತೆ.

"ಅಮ್ಮ, ನಂಗೂ ಕಾಗೆ ಮುಟ್ತ್."

"ಹೌದಾ ಹೆಣೇ? ಸಮ ಕಂಡ್ಯಾ?" ಎಂದಳು ಅಮ್ಮ. ಅಷ್ಟೇ. ಹತ್ತಿರ ಬಂದು ನೋಡಿದರೆ ಮೈಲಿಗೆಯಲ್ಲವೇ! ಬಟ್ಟೆ ಒಗೆಯುವುದು ಹೇಗೆಂದು ದೂರದಿಂದ ತೋರಿಸಲು ಅಕ್ಕನನ್ನು ಕಳಿಸಿದಳು. ಹಿತ್ತಿಲಿನ ಕಲ್ಲಿನ ಮೇಲೆ ನಾನು ಒಗೆದೆ, ಅಕ್ಕ ತೆಂಗಿನ ಮರದ ಬುಡದಲ್ಲಿ ನಿಂತು ನೋಡಿದಳು. ಏನೂ ಅನ್ನದೆ ಒಳಗೆ ಹೋದಳು. ಗೆದ್ದೆ ಅಂದುಕೊಂಡೆ.

ಆ ಸಂಜೆ ನಾನು ಜಗಲಿಯಲ್ಲಿ, ಅಕ್ಕ ರುಬ್ಬುವ ಕಲ್ಲಿನ ಮುಂದೆ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೂ ತಪ್ಪದೆ ಕೇಳಿದೆ. ಗಂಡು ದನಿ, ಹೆಣ್ಣು ದನಿ, ನಡುವೆ ಮಾತಾಡುವವನ ನಗೆ. ಅಂಥ ಸುಖವನ್ನು ನಾನು ಮತ್ತೆ ಕಂಡಿದ್ದು ಕಡಿಮೆ, ಮದುವೆಯನ್ನೂ ಸೇರಿಸಿ ಹೇಳುತ್ತೇನೆ.

ಮರುದಿನ ನೆರೆಹೊರೆಯ ಹೆಂಗಸರು ಬಂದರು. ದೂರದಲ್ಲೇ ಕೂರಿಸಿ ಆರತಿ ಎತ್ತಿದರು, ಹೂವು ಕೊಟ್ಟರು, ಸಿಹಿ ತಿಂದರು. ನಾಲ್ಕನೆಯ ದಿನ ಮಿಂದು, ಜಡೆ ಹಾಕಿ, ಶಾಲೆಯ ಚೀಲ ಹುಡುಕಿದರೆ ಅದು ಅಟ್ಟಕ್ಕೆ ಏರಿತ್ತು. ಅಪ್ಪ ತಲೆ ಎತ್ತದೆ, "ಇನ್ ಸಾಕ್, ಕಲ್ತದ್ ಸಾಕ್" ಎಂದರು. ಹೆಡ್‌ಮಾಸ್ತರು ಇನ್ನೊಮ್ಮೆ ಬಂದರು, ಮಜ್ಜಿಗೆ ಕುಡಿದು ಹೋದರು. ಸುಳ್ಳು ಎಂದು ಹೇಳಿಬಿಡೋಣವೆಂದರೆ ಬಾಯಿ ಬಿಟ್ಟರೆ ಬಣ್ಣಗೇಡು. ಊರಿನ ಅರ್ಧ ಹೆಂಗಸರು ನನ್ನ ಸಿಹಿ ತಿಂದಾಗಿತ್ತು. ಮುಂದೆ ಏಳು ತಿಂಗಳು ಲೆಕ್ಕವಿಟ್ಟು ಸುಳ್ಳೇ ಹೊರಗೆ ಕೂತೆ. ಎಂಟನೆಯ ತಿಂಗಳು ನಿಜವಾಗಿ ಆದಾಗ ಹೇಳಲು ಯಾರೂ ಇರಲಿಲ್ಲ. ಹಾಡು ಮಾತ್ರ ಕೇಳಿಸುತ್ತಿತ್ತು. ಅದು ಆ ಮೊದಲ ಸಂಜೆಯ ಹಾಗೆ ಹಿಡಿಸಲಿಲ್ಲ.

ಆಮೇಲೆ ಇಬ್ಬರಿಗೂ ಮದುವೆ, ಇಬ್ಬರ ಗಂಡಂದಿರೂ ಹೋಟೆಲು ಕೆಲಸಕ್ಕೆ ಲಂಡನ್ನಿಗೆ, ಅವರ ಹಿಂದೆ ನಾವೂ. ನನ್ನ ಶಾಲೆ ಹೋದದ್ದು ನನ್ನದೇ ತಪ್ಪಿನಿಂದ ಎಂದು ಎಪ್ಪತ್ತು ವರ್ಷ ನುಂಗಿಕೊಂಡೆ. ಗಂಡ ತೀರಿಕೊಂಡ ಮೇಲೂ ಯಾರ ಮುಂದೆಯೂ ಆಡಲಿಲ್ಲ.

ಹೋದ ಭಾನುವಾರ ಎಜ್‌ವೇರಿನಲ್ಲಿರುವ ಅಕ್ಕನ ಮಗಳ ಮನೆಗೆ ಹೋಗಿದ್ದೆ. ಯುನಿವರ್ಸಿಟಿಗೆ ಹೋಗುವ ಅಕ್ಕನ ಮೊಮ್ಮಗಳು ಫೋನು ಹಿಡಿದು ಅಜ್ಜಿಯ ಹರೆಯದ ಕಥೆ ರೆಕಾರ್ಡ್ ಮಾಡುತ್ತಿದ್ದಳು. ಅಕ್ಕ ಕಂಬಳಿ ಹೊದ್ದು, ರೇಡಿಯೇಟರಿಗೆ ಬೆನ್ನು ಕೊಟ್ಟು ಒಂದಾದ ಮೇಲೊಂದು ಹಾಡು ಹೇಳಿದಳು. ಎಂಬತ್ತಾರರಲ್ಲಿ ಆ ದನಿ! ಒಂದು ಸಾಲೂ ಮರೆತಿಲ್ಲ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಮೊಮ್ಮಗಳು ನನ್ನ ಕಡೆ ತಿರುಗಿ ನಿಮಗೂ ಬರುತ್ತದಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅಕ್ಕ ಹೇಳಿದಳು: "ಅವ್ಳಿಗೆಲ್ಲಿ? ಅವ್ಳ್ ರುಬ್ಬೂಕೆ ಇದ್ದಳ್."

ಹದಿನಾಲ್ಕರ ಅದೇ ಬೆಂಕಿ. ಮನೆಯವರು ಅಡಿಗೆಮನೆಗೆ ಎದ್ದು, ಮೊಮ್ಮಗಳೂ ನೀರು ತರಲು ಒಳಗೆ ಹೋದಾಗ ನಾನು ಹೇಳಿಯೇಬಿಟ್ಟೆ.

"ನಾನೂ ಹೊರಗೆ ಕೂತಿದ್ದೆ ಅಕ್ಕ. ಏಳ್ ತಿಂಗ್ಳ್ ಸುಳ್ಳೇ ಕೂತಿದ್ದೆ. ಮೊದ್ಲನೇ ಸಲ ನಂಗ್ ಎಂತದೂ ಆಯಿರ್ಲಿಲ್ಲೆ."

ಅವಳು ಬೆಚ್ಚಿಬೀಳುತ್ತಾಳೆ ಎಂದು ಕಾದೆ. ಅಕ್ಕ ಕಂಬಳಿಯ ಅಂಚು ಸರಿಮಾಡಿಕೊಂಡಳು.

"ಗೊತ್ತಿತ್ತ್. ನೀರಿಗ್ ಹಾಕ್ದ್ ಕೂಡ್ಲೆ ಬಟ್ಟಿ ಹಳ್ದಿ ಆಯ್ತಲೆ. ನಾನ್ ಕಂಡಿದ್ದೆ."

ಆ ಮೂರು ದಿನದಲ್ಲಿ ಅವಳು ಅಮ್ಮನಿಗೆ ಒಂದು ಮಾತು ಹೇಳಿದ್ದರೆ ನನಗೆ ಎರಡೇಟು ಬೀಳುತ್ತಿತ್ತು, ನಾಲ್ಕು ಜನ ನಗುತ್ತಿದ್ದರು, ಚೀಲ ಅಟ್ಟಕ್ಕೆ ಏರುತ್ತಿರಲಿಲ್ಲ.

"ಮತ್ತೆ ಎಂತಕೆ ಹೇಳ್ಲಿಲ್ಲೆ? ಹೇಳಿದ್ರೆ ನಾನ್ ಶಾಲಿಗ್ ಹೋತಿದ್ದೆ. ಟೀಚರ್ ಆತಿದ್ದೆ."

"ಆತಿದ್ದೆ," ಎಂದಳು ಅಕ್ಕ. "ಅದನ್ನ್ ಕಾಂಬುಕ್ ನಂಗ್ ಆತಿರ್ಲಿಲ್ಲೆ."

ಮೊಮ್ಮಗಳು ನೀರು ತಂದಳು. ಅಕ್ಕ ಗುಟುಕರಿಸಿ, ಇನ್ನೊಂದು ಹೇಳಲಾ ಎಂದು ಅವಳನ್ನು ಕೇಳಿ ಶುರು ಮಾಡಿದಳು. ನಾನು ಕೋಟು ಹಾಕಿಕೊಂಡು ಹೊರಟೆ. ಉಂಡು ಹೋಗು ಎಂದರೂ ನಿಲ್ಲಲಿಲ್ಲ.

ಬಸ್ಸಿನಲ್ಲಿ ಕೂತು ಅವಳನ್ನು ಮನಸಾರೆ ಬೈದೆ. ವೆಂಬ್ಲಿ ಬರುವ ಹೊತ್ತಿಗೆ ಬೈಗುಳ ಮುಗಿದವು. ಆ ದಿನ ತೆಂಗಿನ ಮರದ ಬುಡದಲ್ಲಿ ನಾನು ನಿಂತಿದ್ದರೆ, ಕಲ್ಲಿನ ಮೇಲೆ ಸುಳ್ಳುಬಟ್ಟೆ ಒಗೆಯುವವಳು ಅವಳಾಗಿದ್ದರೆ? ನಾನೂ ಬಾಯಿ ಬಿಡುತ್ತಿರಲಿಲ್ಲ. ಅದನ್ನು ಅವಳಿಗೆ ಫೋನು ಮಾಡಿ ಹೇಳಿದರೆ ಅವಳ ಮನಸ್ಸಿಗೆ ಎಷ್ಟೋ ಹಗುರವಾದೀತು. ಹೇಳಿಲ್ಲ. ಹೇಳುವುದೂ ಇಲ್ಲ.