ಐದರ ಬಸ್ಸು

ಬೀದರಿನ ನಮ್ಮ ಕಾಲೇಜಿನಲ್ಲಿ ಹುಡುಗ-ಹುಡುಗಿಯರ ಮೈಗಳ್ಳತನ ಬಿಡಿಸಿ ದಿನಾ ನಡೆಯುವ ಅಭ್ಯಾಸ ಹಚ್ಚುವ ಕೆಲಸ ನನ್ನ ಕೊರಳಿಗೆ ಬಿತ್ತು. ಹೆದರಲಿಲ್ಲ. ಹಟಕ್ಕೆ ಬಿದ್ದರೆ ಕಲ್ಲನ್ನೂ ನಡೆಸುವವಳು ನಾನು. ಇಬ್ಬಿಬ್ಬರನ್ನು ಜೋಡಿ ಮಾಡಿದೆ. ಒಬ್ಬರು ತಪ್ಪಿಸಿದರೆ ಇನ್ನೊಬ್ಬರು ಕೇಳಬೇಕು. ಸಂಜೆ ಐದಕ್ಕೆ ಮೈದಾನದಲ್ಲಿ ಅರ್ಧ ಗಂಟೆ ನಡಿಗೆ, ನಡೆದವರ ಹೆಸರಿನ ಮುಂದೆ ಗೋಡೆಯ ಪಟ್ಟಿಯಲ್ಲಿ ಹಸಿರು ಚುಕ್ಕಿ. ವಾರದೊಳಗೆ ಹಾಸ್ಟೆಲ್ಲಿನ ಹುಡುಗರು ಚುಕ್ಕಿಗಾಗಿ ಜಗಳಾಡತೊಡಗಿದರು. ಗೆದ್ದೆ ಎಂದುಕೊಂಡೆ.

ಒಂದು ಹೆಸರಿನ ಮುಂದೆ ಮಾತ್ರ ಚುಕ್ಕಿಯೇ ಇಲ್ಲ. ಔರಾದ್ ತಾಲೂಕಿನ ಎಕಂಬಾದಿಂದ ದಿನಾ ಬಸ್ಸಿಗೆ ಬರುವ ಹುಡುಗಿ, ಬಿ.ಎ. ಕೊನೆಯ ವರ್ಷ, ಬಲು ಓದುವವಳು. ತರಗತಿಯಲ್ಲೇ ಎಬ್ಬಿಸಿ ನಿಲ್ಲಿಸಿದೆ.

"ಯಾಕವ್ವ, ನಡದ್ರ ಕಾಲು ಸವೀತಾವೇನು?"

ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿದಳು. ಕಾರಣ ಕೇಳುವ ತಾಳ್ಮೆ ನನಗೆಲ್ಲಿತ್ತು?

ಅಂದು ಸಂಜೆ ಅವಳು ನಡೆದಳು. ಮರುದಿನ ಕಾಲೇಜಿಗೇ ಬರಲಿಲ್ಲ. ನಾಲ್ಕನೆಯ ದಿನ ಅವಳ ಜೋಡಿಯಾಗಿದ್ದ ಭಾಲ್ಕಿಯ ಹುಡುಗಿ ಬಾಯಿ ಬಿಟ್ಟಳು.

"ನಮ್ಮ ಭಾಲ್ಕಿಗೆ ಗಳಿಗಿಗೊಂದು ಬಸ್ಸದರಿ ಮೇಡಂ. ಆಕಿ ಊರಿಗೆ ಐದರ ಬಸ್ಸೇ ಕೊನೀದು. ಅವತ್ತ ಅದು ತಪ್ಪಿ, ಕತ್ತಲದಾಗ ಹ್ಯಾಂಗೋ ಮನಿ ಮುಟ್ಯಾಳ. ಇನ್ನ ಕಾಲೇಜು ಸಾಕು ಅಂದಾರಂತ್ರಿ ಅವರಪ್ಪ."

ಎಂಥ ಮೂರ್ಖಳು ನಾನು!

ಭಾನುವಾರ ಎಕಂಬಾಕ್ಕೆ ಹೋದೆ. ಅಂಗಳದಲ್ಲಿ ಡಬ್ಬಣ ಹಿಡಿದು ತೊಗರಿ ಚೀಲದ ಬಾಯಿ ಹೊಲಿಯುತ್ತಿದ್ದ ಅಪ್ಪ ಎದ್ದು ಕುರ್ಚಿ ಹಾಕಿದರು. ನೀರು ಬಂತು, ಚಹಾ ಬಂತು. ಮರ್ಯಾದೆಗೆ ಕೊರತೆಯಿಲ್ಲ, ಮಾತು ಮಾತ್ರ ಖಡಕ್.

"ಹೊಲಕ್ಕ ಬುತ್ತಿ ಒಯ್ತಾಳ, ನೀರು ಹೊರ್ತಾಳ. ನನ್ನ ಮಗಳಿಗೆ ನಡಿಯೋದು ನೀವು ಕಲಸ್ತೀರೇನ್ರಿ?"

"ತಪ್ಪು ನಂದೇರಿ," ಎಂದೆ. ಈ ಮಾತನ್ನು ನಾನು ಹೆಚ್ಚು ಸಲ ಆಡಿದವಳಲ್ಲ. "ಆಕಿ ಓದು ಬಿಡಸಬ್ಯಾಡ್ರಿ. ದಿನಾ ನಾನೇ ಜೋಡಿ ಹೋಗಿ ಐದರ ಬಸ್ಸಿಗೆ ಹತ್ತಸ್ತೇನಿ."

ಅವರು ಚೀಲ ಹೊಲಿದು ಮುಗಿಸಿ ದಾರ ಕಡಿದರು. ಆಮೇಲೆ, "ಹತ್ತಿಸಿದ ಮ್ಯಾಲ ನನಗ ಫೋನ್ ಮಾಡ್ಬೇಕು ನೋಡ್ರಿ," ಎಂದರು.

ಸೋಮವಾರದಿಂದ ನಾಲ್ಕು ಗಂಟೆ ದಾಟುತ್ತಲೇ ನಾವಿಬ್ಬರೂ ಬಸ್ ಸ್ಟ್ಯಾಂಡಿನತ್ತ ಹೊರಟೆವು. ಎಲ್ಲರೂ ಆಟೋದಲ್ಲಿ ಒತ್ತಿಕೊಂಡು ಹೋಗುವ ದಾರಿ. ನಡೆದರೆ ಸರಿಯಾಗಿ ಅರ್ಧ ಗಂಟೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಡಾಬಕಾ ಊರಿನ ಇಬ್ಬರು ಹುಡುಗಿಯರು ಆಟೋ ಬಿಟ್ಟು ನಮ್ಮನ್ನು ಸೇರಿದರು, ಆಮೇಲೆ ಮತ್ತೆ ಮೂವರು. ತಿಂಗಳಲ್ಲಿ ಬಸ್ಸಿನ ಹುಡುಗಿಯರದೇ ಒಂದು ದಂಡಾಯಿತು. ನಾನು ಮುಂದೆ ಮುಂದೆ, 'ಬೆನ್ನು ನೆಟ್ಟಗೆ, ಕಾಲು ಬೇಗ' ಎಂದು ಹುಕುಂ ಕೊಡುತ್ತ.

ಒಂದು ಬೆಳಿಗ್ಗೆ ಎಕಂಬಾದ ಹುಡುಗಿಯ ಅಪ್ಪನೇ ಫೋನ್ ಮಾಡಿದರು. ಮತ್ತೇನಾಯಿತೋ ಎಂದುಕೊಂಡೇ ಎತ್ತಿದೆ.

"ಮೇಡಂ, ಇನ್ನ ನೀವು ಆಕಿ ಜೋಡಿ ಹೋಗೋದು ಬ್ಯಾಡ್ರಿ. ಫೋನೂ ಬ್ಯಾಡ. ಹುಡುಗ್ಯಾರೆಲ್ಲ ಕೂಡಿ ಹೋಗ್ಲತ್ತಾರ, ನನಗ ಭರೋಸಾ ಅದ."

"ಯಾಕ್ರಿ, ನನಗೇನು ತ್ರಾಸಿಲ್ಲ," ಎಂದೆ.

"ಹಂಗಲ್ರಿ... ನೀವಿದ್ರ ಅವಕ್ಕ ಮನಸ್ ಬಿಚ್ಚಿ ನಗಲಿಕ್ಕ ಬರಲ್ಲಂತ."

ಸಂತೋಷಕ್ಕೆ ಕಣ್ಣು ತುಂಬಿತು. ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ.